ಇನ್ನೂ ಏನೂ ತೀರ್ಮಾನ ಮಾಡಿಲ್ಲ ಅಂದವರು

ನನ್ನ ಮೊದಲ ಓಟು 1984ರ ಡಿಸೆಂಬರಿನಲ್ಲಿ, ಎರಡನೆಯದು 1985ರ ಮಾರ್ಚಿನಲ್ಲಿ. ಆಗ ಓಟು ಹಾಕಲು ಇಪ್ಪತ್ತೊಂದು ತುಂಬಿರಬೇಕಿತ್ತು. ನನಗೆ ಆಗಷ್ಟೇ ತುಂಬಿ ಪಟ್ಟಿಯಲ್ಲಿ ಹೆಸರು ಬಂದಿತ್ತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಹೋದವು. ರಾಜ್ಯದಲ್ಲಿ ಆಡಳಿತ ನಡೆಸುತ್ತಿದ್ದದ್ದು ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. ಜನರ ಒಪ್ಪಿಗೆ ತಮಗೆ ಉಳಿದಿಲ್ಲವೆಂದು ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. ಮಾರ್ಚಿನಲ್ಲಿ ಅದೇ ಮತದಾರರು ಅದೇ ಬೂತುಗಳಿಗೆ ಹೋಗಿ 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು. ಎರಡಕ್ಕೂ ನಡುವೆ ಮೂರು ತಿಂಗಳೂ ಇರಲಿಲ್ಲ. ಕರ್ನಾಟಕದ ಮತದಾರ ಪ್ರಬುದ್ಧ ಎಂದು ಹೇಳಬೇಕಾದಾಗಲೆಲ್ಲ ಭಾಷಣಕಾರರು ಇವತ್ತಿಗೂ ಈ ಲೆಕ್ಕವನ್ನೇ ಎತ್ತುತ್ತಾರೆ. ಆ ದಿನಗಳಲ್ಲಿ ಮನಸ್ಸುಗಳು ಹೇಗೆ ತಿರುಗಿದವು ಎಂಬುದನ್ನು ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ನಾನು ಹತ್ತಿರದಿಂದ ನೋಡಿದೆ.

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಚರ್ಚೆಯೇ ಇರಲಿಲ್ಲ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಕೊಲೆಯಾಗಿತ್ತು. ‘ಆಯಮ್ಮನ್ನ ಮನೇಲೇ ಹೊಡ್ದಾಕ್‌ಬುಟ್ರಲ್ಲ’ ಎಂದು ಅವ್ವ ವಾರಗಟ್ಟಲೆ ಹೇಳಿಕೊಂಡು, ಹಸ್ತದ ಗುರುತಿಗೆ ಹಾಕಿ ಬಂದಳು. ಮಾರ್ಚಿನ ಹೊತ್ತಿಗೆ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಒಂದು ಕಡೆ ದೊಡ್ಡಪ್ಪ. ಜೋಡೆತ್ತಿನ ಕಾಲದಿಂದಲೂ ಕಾಂಗ್ರೆಸ್. ಅವರ ಮಾತನ್ನು ಮನೆಯಲ್ಲಿ ಯಾರೂ ಮೀರಿದವರಲ್ಲ. ಇನ್ನೊಂದು ಕಡೆ ಶಾಲೆಯ ಪಕ್ಕ ಹೊಸದಾಗಿ ಕೊರೆದಿದ್ದ ಬೋರ್‌ವೆಲ್. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಊರೂರಿಗೂ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಕಾಲ ಅದು. ಕೈಪಂಪು ಒತ್ತಿದರೆ ಬಿಂದಿಗೆ ತುಂಬುತ್ತಿತ್ತು. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ತೆಂಗಿನ ತೋಟದಾಚೆಯ ಬಾವಿಯಲ್ಲಿ ಸೇದಿ, ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು, ಬದುವಿನ ಮೇಲೆ ನಡೆದು ಬರಬೇಕಿತ್ತು.

ಓಟಿನ ಹಿಂದಿನ ದಿನ ಒಲೆ ಮುಂದೆ ಕೂತು ಅವ್ವ ಕೇಳಿದಳು: ‘ಈಗ ನೇಗ್ಲು ಹೊತ್ತ ರೈತನ್ಗೆ ಹಾಕಿದ್ರೆ ದಿಲ್ಲೀಲಿ ಆಯಮ್ಮನ ಮಗನಿಗೆ ಏನಾದ್ರೂ ತೊಂದ್ರೆ ಆಯ್ತದೇನಪ್ಪ?’

‘ಇಲ್ಲ ಕಣವ್ವ. ಅದೇ ಬೇರೆ, ಇದೇ ಬೇರೆ. ಅವ್ರು ಐದು ವರ್ಷಕ್ಕೆ ಆಗ್ಲೇ ಗೆದ್ದವ್ರೆ.’

‘ಹಂಗಾರೆ ಸರಿ’ ಅಂದಳು. ಬೆಳಿಗ್ಗೆ ದೊಡ್ಡಪ್ಪನ ಮನೆಯವರ ಜೊತೆಯಲ್ಲೇ ಹೋಗಿ ಬಂದಳು. ಸಂಜೆ ಬಿಂದಿಗೆ ಇಳಿಸುತ್ತ, ನಾನು ಕೇಳದಿದ್ದರೂ, ‘ನೀರು ಕೊಟ್ಟೋರ್ಗೆ ಹಾಕ್ದೆ. ನಿಮ್ ದೊಡ್ಡಪ್ಪನ್ಗೆ ಹೇಳ್ಬೇಡ’ ಅಂದಳು.

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವಳು ಕೇಳಿದ್ದು ಸಂವಿಧಾನದ ಪ್ರಶ್ನೆ: ಈ ಓಟು ಯಾವ ಸರ್ಕಾರಕ್ಕೆ? ಅವಳ ಅನುಮಾನ ನಿಂತಿದ್ದದ್ದು ಆ ಒಂದು ತಿಳಿವಳಿಕೆಯ ಮೇಲೆ. ಅದು ಸಿಕ್ಕ ಮೇಲೆ ದೊಡ್ಡಪ್ಪನ ಭಯವಾಗಲಿ, ಹಸ್ತದ ಮೇಲಿನ ಪ್ರೀತಿಯಾಗಲಿ ಅವಳನ್ನು ತಡೆಯಲಿಲ್ಲ. ಕೊನೆಯ ದಿನದವರೆಗೂ ತೀರ್ಮಾನ ಮಾಡದವರನ್ನು ಕಂಡರೆ ನಮ್ಮಲ್ಲಿ ಒಂದು ಅಸಡ್ಡೆ ಇದೆ. ಅಡ್ಡಗೋಡೆ ಮೇಲೆ ದೀಪ ಇಟ್ಟವರು, ಬೆಲೆಗೆ ಕಾಯುತ್ತಿರುವವರು, ಗಾಳಿ ಬಂದ ಕಡೆ ತೂರಿಕೊಳ್ಳುವವರು ಎನ್ನುತ್ತಾರೆ. ಅಂಥವರೂ ಇದ್ದಾರೆ. ಆದರೆ ನಾನು ಕಂಡ ಹೆಚ್ಚಿನವರು ಅವ್ವನ ಹಾಗೆ ಎರಡು ನ್ಯಾಯವಾದ ಋಣಗಳ ನಡುವೆ ಸಿಕ್ಕಿಕೊಂಡವರು.

ಆ ಕಾಲದಲ್ಲಿ ಈ ಅನುಮಾನ ಊರಿಗೆಲ್ಲ ಕಾಣುತ್ತಿತ್ತು. ಹೋಟೆಲಿನ ಬೆಂಚಿನ ಮೇಲೆ, ಕ್ಷೌರದಂಗಡಿಯಲ್ಲಿ, ಕೊಬ್ಬರಿ ಸುಲಿಯುವ ಕಣದಲ್ಲಿ, ತಿಪಟೂರಿನ ಮಾರುಕಟ್ಟೆಗೆ ಹೋಗುವ ಗಾಡಿಯಲ್ಲಿ ಜನ ಬಾಯಿಬಿಟ್ಟೇ ತೂಗಿ ನೋಡುತ್ತಿದ್ದರು. ‘ಅವ್ನು ಒಳ್ಳೆಯೋನೆ, ಆದ್ರೆ ಗೆಲ್ಲಲ್ಲ’, ‘ಇವ್ನು ಗೆದ್ರೂ ಕೈಗೆ ಸಿಗಲ್ಲ’, ‘ಓಟು ಕೆಡಿಸ್ಕೋಬಾರ್ದು ಕಣ್ರಯ್ಯ’. ಮೈಕು ಕಟ್ಟಿದ ಜೀಪು ಬಂದರೆ ಎಸೆದ ಕರಪತ್ರಕ್ಕೆ ನಾವು ಹುಡುಗರು ಧೂಳಿನಲ್ಲಿ ಓಡುತ್ತಿದ್ದೆವು. ಅದನ್ನು ಓದಿಸಿಕೊಂಡು ಕೇಳುವವರು ಹೋಟೆಲಿನಲ್ಲಿ ಕಾಯುತ್ತಿದ್ದರು. ಓದಿದ ಮೇಲೆ ಒಬ್ಬರು ಹೌದೆಂದರೆ ಇನ್ನೊಬ್ಬರು ಸುಳ್ಳೆನ್ನುತ್ತಿದ್ದರು. ಕರಪತ್ರದ ಮಾತು ಹಾಗೇ ಒಳಗಿಳಿಯುತ್ತಿರಲಿಲ್ಲ. ಊರಿನ ನಾಲ್ಕು ಬಾಯಿ ದಾಟಿ, ಸೋಸಿಕೊಂಡು ಇಳಿಯುತ್ತಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಇದನ್ನೇ ಕೂತು ಅಧ್ಯಯನ ಮಾಡಿದರು. ಅದೇ ಜನರನ್ನು ತಿಂಗಳಿಂದ ತಿಂಗಳಿಗೆ ಮಾತಾಡಿಸುತ್ತ, ಅವರ ಮನಸ್ಸು ಎಲ್ಲಿ ಗಟ್ಟಿಯಾಯಿತು ಎಂದು ಗುರುತಿಸಿದರು. ಮನೆ, ಧರ್ಮ, ಕಸುಬು ಬೇರೆ ಬೇರೆ ಕಡೆಗೆ ಎಳೆಯುತ್ತಿದ್ದವರು ತಡವಾಗಿ ತೀರ್ಮಾನಿಸುತ್ತಿದ್ದರು. ಚುನಾವಣೆಯಲ್ಲಿ ಆಸಕ್ತಿ ಕಡಿಮೆ ಇದ್ದವರೂ ಅವರಲ್ಲಿ ಸೇರಿದ್ದರು. ರೇಡಿಯೊ, ಪತ್ರಿಕೆಗಿಂತ ಪಕ್ಕದಲ್ಲಿ ಇರುವ, ನಂಬಿಕೆಯ ಮನುಷ್ಯನ ಮಾತು ಹೆಚ್ಚು ನಾಟುತ್ತಿತ್ತು. ನಾನು ಇದನ್ನು ಓದಿದ್ದು ಮೇಷ್ಟ್ರಾದ ಮೇಲೆ. ನಮ್ಮ ಹೋಟೆಲಿನ ಬೆಂಚಿನ ಮೇಲೆ ನಡೆಯುತ್ತಿದ್ದದ್ದೂ ಇದೇ.

ಆದರೆ ಆ ಬೆಂಚಿನ ಮೇಲೆ ಯಾರು ಕೂತಿದ್ದರು ಎಂಬುದನ್ನೂ ಹೇಳಬೇಕು. ಹೆಂಗಸರು ಕೂತಿರಲಿಲ್ಲ. ಕೇರಿಯವರಿಗೆ ಲೋಟವೇ ಬೇರೆ, ನಿಲ್ಲುವ ಜಾಗವೇ ಬೇರೆ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ‘ರಾಂಪುರ’ ಎಂಬ ಹೆಸರು ಕೊಟ್ಟು ಬರೆದರು. 1955ರ ಅವರ ಪ್ರಬಂಧದಿಂದ ಬಳಕೆಗೆ ಬಂದ ವೋಟ್ ಬ್ಯಾಂಕ್ ಅಂದರೆ, ಯಜಮಾನನೊಬ್ಬ ತನ್ನ ಆಶ್ರಯದಲ್ಲಿದ್ದವರ ಓಟುಗಳನ್ನು ಒಟ್ಟಾಗಿ ತನಗೆ ಬೇಕಾದವರಿಗೆ ಕೊಡಿಸುವುದು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಅದು ಕಣ್ಣೆದುರೇ ನಡೆಯುತ್ತಿತ್ತು. ಓಟಿನ ದಿನ ಒಂದೇ ಪಕ್ಷದ ಟ್ರ್ಯಾಕ್ಟರ್ ಕೇರಿಗೆ ಹೋಗುತ್ತಿತ್ತು, ಎಲ್ಲರನ್ನೂ ತುಂಬಿಕೊಂಡು ಬರುತ್ತಿತ್ತು. ಹಿಂದಿನ ರಾತ್ರಿ ಗುಡಿಯ ಮುಂದೆ ದೀಪ ಮುಟ್ಟಿಸಿ ಆಣೆ ಮಾಡಿಸಿರುತ್ತಿದ್ದರು. ಆ ಟ್ರ್ಯಾಕ್ಟರಿನಲ್ಲಿ ನಿಂತವರಿಗೂ ಎರಡು ಮನಸ್ಸು ಇದ್ದಿರಬೇಕು. ಯಾರೂ ಕೇಳುತ್ತಿರಲಿಲ್ಲ. ಹಿಂದೆ ಎಲ್ಲರೂ ಕೂತು ಮಾತಾಡಿ ಓಟು ಹಾಕುತ್ತಿದ್ದರು ಎಂದು ಹೊಗಳುವವರಿಗೆ ನಾನು ಈ ಟ್ರ್ಯಾಕ್ಟರನ್ನು ನೆನಪಿಸುತ್ತೇನೆ. ತೀರ್ಮಾನ ಮಾಡದೆ ಇರುವ ಸ್ವಾತಂತ್ರ್ಯ ಆಗ ಊರಿನ ಅರ್ಧ ಜನಕ್ಕೂ ಇರಲಿಲ್ಲ.

ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಚುನಾವಣಾ ಕರ್ತವ್ಯ ಬೆನ್ನುಬಿಡಲಿಲ್ಲ. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಾನು ಎಣಿಸಿಕೊಂಡು ಬಸ್ಸು ಹತ್ತುವುದು, ಯಾವುದೋ ಊರಿನ ಶಾಲೆಯ ನೆಲದಲ್ಲಿ ಮಲಗುವುದು, ಬೆಳಿಗ್ಗೆ ಏಜೆಂಟರ ಮುಂದೆ ಖಾಲಿ ಪೆಟ್ಟಿಗೆ ತೋರಿಸಿ ಮೊಹರು ಹಾಕುವುದು. ನನ್ನ ಓಟು ಅಂಚೆಯಲ್ಲಿ ಹೋಗುತ್ತಿತ್ತು. ಬೂತಿನ ಒಳಗೆ ಕೂತವನಿಗೆ ಓಟು ಯಾರಿಗೆ ಬಿತ್ತೆಂದು ಕಾಣುವುದಿಲ್ಲ, ಕಾಣಲೂಬಾರದು. ಆದರೆ ಯಾರು ಇನ್ನೂ ತೀರ್ಮಾನ ಮಾಡಿಲ್ಲ ಎಂಬುದು ಚೆನ್ನಾಗಿಯೇ ತಿಳಿಯುತ್ತದೆ. ಮೈಸೂರಿನಲ್ಲಿ ತಯಾರಾಗುವ ಆ ಶಾಯಿ ಬೆರಳಿಗೆ ಬಿದ್ದ ಮೇಲೆ ಕೆಲವರ ನಡಿಗೆ ನಿಧಾನವಾಗುತ್ತದೆ. ರಟ್ಟಿನ ಮರೆಯ ಹಿಂದೆ ಹೋಗಿ ನಿಲ್ಲುತ್ತಾರೆ. ಯಂತ್ರ ಬಂದ ಮೇಲಂತೂ ಎಲ್ಲರಿಗೂ ತಿಳಿಯುತ್ತದೆ: ಬ್ಯಾಲೆಟ್ ಗುಂಡಿ ಒತ್ತಿ ಕೊಟ್ಟಾಗಿದೆ, ‘ಬೀಪ್’ ಬರುತ್ತಿಲ್ಲ. ಏಜೆಂಟರು ತಲೆ ಎತ್ತುತ್ತಾರೆ. ‘ಏನಮ್ಮ, ಆಯ್ತಾ?’ ಎಂದು ಒಬ್ಬ ಕೂಗುತ್ತಾನೆ. ಸುಮ್ಮನಿರಪ್ಪ ಎಂದು ಅವನನ್ನು ಕೂರಿಸುವುದೂ ಪ್ರಿಸೈಡಿಂಗ್ ಆಫೀಸರನ ಕೆಲಸ.

ಒಮ್ಮೆ ಹೀಗೇ ವಯಸ್ಸಾದ ಹೆಂಗಸೊಬ್ಬರು ಮರೆಯಿಂದ ಈಚೆಗೆ ತಲೆ ಹಾಕಿ, ‘ಯಾವ್ದು ಒತ್ಲಿ ಮೇಷ್ಟ್ರೆ?’ ಅಂದರು. ‘ನಿಮಗೆ ಬೇಕಾದ್ದು ಒತ್ತಿ ತಾಯಿ, ನಾವು ಹೇಳಂಗಿಲ್ಲ’ ಅಂದೆ. ‘ಎಲ್ರೂ ಬಂದು ಕೈ ಮುಗ್ದು ಹೋದ್ರು, ಎಲ್ರಿಗೂ ಆಯ್ತಪ್ಪ ಅಂದಿದೀನಿ’ ಅಂದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಕೊಟ್ಟ ಮಾತನ್ನು ಅವರು ಲಘುವಾಗಿ ತೆಗೆದುಕೊಂಡಿರಲಿಲ್ಲ. ಮತಪತ್ರದ ಕಾಲದಲ್ಲಿ ಇಂಥವರಲ್ಲಿ ಕೆಲವರು ಎರಡು ಗುರುತಿಗೂ ಮುದ್ರೆ ಒತ್ತಿ ಬರುತ್ತಿದ್ದರು. ಎಣಿಕೆಯ ಮೇಜಿನ ಮೇಲೆ ಅಂಥ ಚೀಟಿಗಳನ್ನು ನಾನೇ ತಿರಸ್ಕೃತ ಮತಗಳ ಕಟ್ಟಿಗೆ ಸೇರಿಸಿದ್ದೇನೆ. ಎಲ್ಲವೂ ತಿಳಿಯದೆ ಆದ ತಪ್ಪಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಎರಡೂ ಮುದ್ರೆ ಅಷ್ಟು ನೆಟ್ಟಗೆ, ಅಷ್ಟು ಜಾಗರೂಕತೆಯಿಂದ ಬಿದ್ದಿರುತ್ತಿದ್ದವು. ಯಂತ್ರದಲ್ಲಿ ಆ ದಾರಿ ಇಲ್ಲ. 2004ರ ಲೋಕಸಭಾ ಚುನಾವಣೆಯಿಂದ ದೇಶದ ಎಲ್ಲ ಕ್ಷೇತ್ರಗಳಲ್ಲೂ ಯಂತ್ರವೇ ಬಂತು. ಮೊದಲು ಒತ್ತಿದ ಗುಂಡಿಯೇ ಕೊನೆಯ ಮಾತು.

ಯಾರೂ ಬೇಡ ಎಂದು ತೀರ್ಮಾನಿಸಿದವರ ಪಾಡು ಇನ್ನೂ ಕಷ್ಟದ್ದಾಗಿತ್ತು. 49-ಓ ಎಂಬ ನಿಯಮ ಇತ್ತು. ಪುಸ್ತಕದಲ್ಲಿ ಸಹಿ ಮಾಡಿ, ಶಾಯಿ ಹಾಕಿಸಿಕೊಂಡ ಮೇಲೆ ಮತ ಹಾಕುವುದಿಲ್ಲ ಎಂದರೆ, ನಾವು 17-ಎ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಹಾಗೆಂದು ಬರೆದು ಸಹಿ ತೆಗೆದುಕೊಳ್ಳಬೇಕಿತ್ತು. ಒಬ್ಬ ಹುಡುಗ ಬಂದು ಧೈರ್ಯವಾಗಿ ಹಾಗೆ ಹೇಳಿದ. ಬರೆದುಕೊಂಡೆ. ಅಷ್ಟರಲ್ಲಿ ಎಲ್ಲ ಪಕ್ಷದ ಏಜೆಂಟರೂ ಅವನ ಮುಖ ನೋಡಿಯಾಗಿತ್ತು. ಗುಟ್ಟಿನ ಮತದಾನ ಅವನ ಮಟ್ಟಿಗೆ ಅಲ್ಲಿಗೆ ಮುಗಿಯಿತು. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಇದು ಸರಿಯಲ್ಲ ಎಂದು ತೀರ್ಪು ಕೊಟ್ಟ ಮೇಲೆ ಯಂತ್ರದ ಕೊನೆಯಲ್ಲಿ ನೋಟಾ ಗುಂಡಿ ಬಂತು. ಅದು ಬಂದದ್ದು ಒಳ್ಳೆಯದೇ. ಆದರೆ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಓಟು ಬಿದ್ದರೂ ನಂತರದ ಅಭ್ಯರ್ಥಿಯೇ ಗೆಲ್ಲುತ್ತಾನೆ. ಇದು ಎಷ್ಟೋ ಹೊಸ ಮತದಾರರಿಗೆ ಗೊತ್ತೇ ಇಲ್ಲ. ಗೊತ್ತಿದ್ದೂ ಒತ್ತುವವರ ಮೇಲೆ ನನ್ನ ತಕರಾರಿಲ್ಲ. ತಿಳಿಯದೆ ಒತ್ತುವವರಿಗೆ ಯಾರಾದರೂ ಹೇಳಬೇಕು.

ಯಂತ್ರ ಬಂದ ಮೇಲೆ ಆದ ಇನ್ನೊಂದು ಬದಲಾವಣೆಯನ್ನು ಪೇಟೆಯವರು ಅಷ್ಟಾಗಿ ಗಮನಿಸಿಲ್ಲ. ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸುವ ಪದ್ಧತಿ ಇತ್ತು. ಯಾವ ಊರು ಯಾರಿಗೆ ಹಾಕಿತು ಎಂಬುದು ಅಂದಾಜು ಮಾತ್ರ. ಈಗ ಬೂತಿನ ಯಂತ್ರದಲ್ಲಿ ಬೂತಿನ ಲೆಕ್ಕ ಸ್ಪಷ್ಟ. ನಮ್ಮಂಥ ಸಣ್ಣ ಊರಿಗೆ ಒಂದೇ ಬೂತು. ಫಲಿತಾಂಶ ಬಂದ ವಾರದೊಳಗೆ, ನಿಮ್ಮೂರಲ್ಲಿ ನಮಗೆ ಇಷ್ಟೇ ಬಂದಿದೆ ಎಂದು ಪಟ್ಟಿ ಹಿಡಿದು ಬರುತ್ತಾರೆ. ರಸ್ತೆ, ಚರಂಡಿ, ಸಮುದಾಯ ಭವನ ಎಲ್ಲಕ್ಕೂ ಆ ಪಟ್ಟಿ ಅಡ್ಡ ಬರುತ್ತದೆ ಎಂಬ ಭಯ ಜನರಲ್ಲಿದೆ. ಹೆಂಗಸರು, ಕೇರಿಯವರು ಇವತ್ತು ಮೊದಲಿಗಿಂತ ಎಷ್ಟೋ ಸ್ವತಂತ್ರವಾಗಿ ಓಟು ಹಾಕುತ್ತಾರೆ, ಟ್ರ್ಯಾಕ್ಟರ್ ನಿಂತಿದೆ. ಆದರೆ ಒಬ್ಬೊಬ್ಬರ ಗುಟ್ಟು ಉಳಿದು ಊರಿನ ಗುಟ್ಟು ಹೋಗಿದೆ. ಬೂತುಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಯಂತ್ರದ ಪ್ರಸ್ತಾಪವನ್ನು ಚುನಾವಣಾ ಆಯೋಗ 2008ರಲ್ಲೇ ಮುಂದಿಟ್ಟಿತ್ತು. ಅದು ಜಾರಿಯಾಗಿಲ್ಲ. ಆಗಬೇಕು.

ತುಮಕೂರು ಲೋಕಸಭಾ ಕ್ಷೇತ್ರದ ನಮಗೆ ಇತ್ತೀಚಿನ ಎರಡು ಚುನಾವಣೆಗಳು ಹೊಸ ಥರದ ಸಂಕಟ ತಂದವು. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಹೊಂದಾಣಿಕೆಯಾಗಿ ಎಚ್. ಡಿ. ದೇವೇಗೌಡರು ಇಲ್ಲಿಂದ ನಿಂತರು. ಆಗ ಸಂಸದರಾಗಿದ್ದ ಕಾಂಗ್ರೆಸ್ಸಿನ ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿತು. ಬದುಕಿಡೀ ಹಸ್ತಕ್ಕೇ ಒತ್ತಿದವರು ಯಂತ್ರದ ಮುಂದೆ ನಿಂತರೆ ಹಸ್ತವೇ ಇಲ್ಲ. ಅವರಿಗೆ ತೆನೆ ಹೊತ್ತ ಮಹಿಳೆಗೆ ಒತ್ತಿ ಎಂದು ಹೇಳಲಾಗಿತ್ತು. ಆ ಮಹಿಳೆಯ ವಿರುದ್ಧ ಪಂಚಾಯಿತಿಯಿಂದ ವಿಧಾನಸಭೆಯವರೆಗೆ ಹೊಡೆದಾಡಿದ್ದೇ ಅವರು. ದೇವೇಗೌಡರು 13 ಸಾವಿರ ಚಿಲ್ಲರೆ ಮತಗಳಿಂದ ಸೋತು, ಬಿಜೆಪಿಯ ಜಿ. ಎಸ್. ಬಸವರಾಜು ಗೆದ್ದರು. 2024ರಲ್ಲಿ ಸರದಿ ಜೆಡಿಎಸ್‌ನವರದು. ಅವರ ಪಕ್ಷ 2023ರ ಸೆಪ್ಟೆಂಬರಿನಲ್ಲಿ ಎನ್‌ಡಿಎ ಸೇರಿತ್ತು. ಯಂತ್ರದಲ್ಲಿ ಈ ಸಲ ತೆನೆ ಇಲ್ಲ. ಕಮಲಕ್ಕೆ ಒತ್ತಿ ಎಂದರು. ಬಿಜೆಪಿಯ ವಿ. ಸೋಮಣ್ಣ ದೊಡ್ಡ ಅಂತರದಲ್ಲೇ ಗೆದ್ದರು.

ಗೆಲುವು ಸೋಲಿನ ಲೆಕ್ಕ ಇರಲಿ. ಈ ಎರಡು ಸಲವೂ ಕೊನೆಯ ವಾರದವರೆಗೆ ತೀರ್ಮಾನವಾಗದೆ ಒದ್ದಾಡಿದವರು ನಮ್ಮೂರಿನ ಅತ್ಯಂತ ನಿಷ್ಠಾವಂತ ಕಾರ್ಯಕರ್ತರು. ನಾಯಕರು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೈ ಕುಲುಕಿದರು. ಇಲ್ಲಿ ಮೂವತ್ತು ವರ್ಷದ ಜಗಳವನ್ನು ಒಂದು ತಿಂಗಳಲ್ಲಿ ಮರೆಯಬೇಕಾದವರು ಇವರು. ಹಾಲಿನ ಡೇರಿಯ ಮುಂದೆ ಒಬ್ಬರು ಹೇಳಿದರು: ‘ನಾನೇನ್ ಎರಡ್ ಮನಸ್ಸಿನವ್ನಲ್ಲ ಮೇಷ್ಟ್ರೆ. ಅವ್ರು ಎರಡಾದ್ರು, ನನ್ನ ನಡುವೆ ನಿಲ್ಸುದ್ರು.’ 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135, ಮರುವರ್ಷದ ಲೋಕಸಭೆಯಲ್ಲಿ ಬಿಜೆಪಿ–ಜೆಡಿಎಸ್ ಕೂಟಕ್ಕೆ 28ರಲ್ಲಿ 19. ಇದನ್ನು ಹಿಡಿದು, ಜನ ಮತ್ತೆ 1985ರ ಹಾಗೆ ತಿರುಗಿದರು ಎಂದು ಟಿವಿಯಲ್ಲಿ ಹೇಳುವವರಿದ್ದಾರೆ. ಒಪ್ಪುವುದು ಕಷ್ಟ. ಕಾಂಗ್ರೆಸ್ಸಿನ ಮತ ಪ್ರಮಾಣ 2023ರಲ್ಲಿ ಸುಮಾರು ಶೇ 43 ಇದ್ದದ್ದು 2024ರಲ್ಲಿ ಶೇ 45ಕ್ಕೆ ಏರಿತು. ಅದಕ್ಕೆ ಬಿದ್ದ ಮತಗಳ ಪಾಲು ಕುಗ್ಗಲಿಲ್ಲ, ಎದುರಿನವರು ಒಟ್ಟಾದರು. ಸ್ಥಾನದ ಲೆಕ್ಕ ನೋಡಿ ಮತದಾರನ ಮನಸ್ಸು ಓದುವುದು ಅವಸರದ ಕೆಲಸ.

ಈಗ ಹೋಟೆಲಿನ ಬೆಂಚು ಇದೆ, ಡೇರಿಯ ಕಟ್ಟೆಯೂ ಇದೆ. ಮಾತು ಕಡಿಮೆಯಾಗಿದೆ. ಒಬ್ಬೊಬ್ಬರ ಫೋನಿಗೂ ಬೇರೆ ಬೇರೆ ಕರಪತ್ರ ಬರುತ್ತದೆ; ಅದನ್ನು ಸುಳ್ಳು ಎನ್ನಲು ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆಯ ತಿಂಗಳು ಎರಡು ಕಡೆಯವರೂ ವಿಡಿಯೊ ಹಾಕುತ್ತಾರೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ, ನೀನು ಆ ಕಡೆಯವನು ಎಂಬ ಹಣೆಪಟ್ಟಿ ಸಿದ್ಧ. ತೀರ್ಮಾನ ಮಾಡದವರು ಸುಮ್ಮನೆ ನೋಡುತ್ತ ಕೂರುತ್ತಾರೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ ಹೇಳುತ್ತದೆ. ಮನಸ್ಸಿಗೆ ಒಂದಿಷ್ಟು ಬಿಡುವು ಸಿಗಲಿ ಎಂಬುದು ಅದರ ಉದ್ದೇಶ. ಮೈಕು ನಿಲ್ಲುತ್ತದೆ, ಫೋನು ನಿಲ್ಲುವುದಿಲ್ಲ. ಆ ಎರಡು ರಾತ್ರಿಗಳಲ್ಲೇ ಅತ್ಯಂತ ಕೊಳಕು ಸುದ್ದಿಗಳು ಬರುತ್ತವೆ. ಉತ್ತರ ಕೊಡಲು ಯಾರಿಗೂ ಸಮಯ ಇರದಂತೆ ನೋಡಿಯೇ ಕಳಿಸುತ್ತಾರೆ.

ಕವರು ಹಂಚುವುದೂ ಆ ಕತ್ತಲ ರಾತ್ರಿಯಲ್ಲೇ. ಹಿಂದೆ ಸೀರೆ, ಪಂಚೆ, ಹೆಂಡ. ಈಗ ನೋಟು, ಕುಕ್ಕರ್, ಕೂಪನ್. ತೀರ್ಮಾನ ಮಾಡದವರ ಮನಸ್ಸನ್ನು ಹಣ ತಿರುಗಿಸುತ್ತದೆ ಎಂದು ಎಲ್ಲರೂ ನಂಬಿದ್ದಾರೆ, ಹಂಚುವವರಂತೂ ನಂಬಲೇಬೇಕು. ನಾನು ಕಂಡಂತೆ ಎರಡೂ ಕಡೆಯಿಂದ ತೆಗೆದುಕೊಂಡು ತಮಗೆ ಬೇಕಾದವರಿಗೆ ಹಾಕುವವರು ಧಾರಾಳವಾಗಿದ್ದಾರೆ. ಆದರೆ ಆಣೆ ಮಾಡಿಸಿ ಕೊಟ್ಟ ಹಣ ಬೇರೆ. ಬಡ ಮನೆಯ ದೈವಭಕ್ತೆಗೆ ಆ ಆಣೆ ನಿಜ. ಅದು ಮನಸ್ಸನ್ನು ತಿರುಗಿಸುವುದಿಲ್ಲ, ಕಟ್ಟಿಹಾಕುತ್ತದೆ. ಹಾಗೆ ಮಾಡಿಸುವವರನ್ನು ನಾನು ಯಾವ ಪಕ್ಷದವರಾದರೂ ಕ್ಷಮಿಸಲಾರೆ.

2023ರ ಏಪ್ರಿಲ್ ಕೊನೆಯಲ್ಲಿ ಪಕ್ಕದ ಮನೆಯ ಅಕ್ಕ ಒಂದು ಕಾರ್ಡು ತಂದು ತೋರಿಸಿದರು. ಕಾಂಗ್ರೆಸ್ಸಿನವರು ಮನೆಮನೆಗೆ ಕೊಟ್ಟ ಗ್ಯಾರಂಟಿ ಕಾರ್ಡು, ಸಿದ್ದರಾಮಯ್ಯ ಮತ್ತು ಡಿ. ಕೆ. ಶಿವಕುಮಾರ್ ಅವರ ಸಹಿ ಇದ್ದದ್ದು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಿಚದೆ ಇಟ್ಟಿದ್ದರು. ‘ತಿಂಗ್ಳಿಗೆ ಎರಡ್ ಸಾವ್ರ ಅಂತವ್ರೆ. ಕೊಡ್ತಾರಾ ಮೇಷ್ಟ್ರೆ?’ ಎಂದು ಕೇಳಿದರು. ಮಗ ತೆನೆಯ ಕಡೆ ಓಡಾಡುತ್ತಿದ್ದ, ಇದೆಲ್ಲ ಬೋಗಸ್ ಎಂದಿದ್ದ. ಸೊಸೆಯ ತವರು ಮನೆಯವರು ಕಮಲ. ನಾನು ಹೌದು ಅಲ್ಲ ಎಂದು ಹೇಳಲಿಲ್ಲ; ಇಷ್ಟು ಮನೆಗೆ ಇಷ್ಟು ಎಂದರೆ ವರ್ಷಕ್ಕೆ ಎಷ್ಟಾಗುತ್ತದೆ, ಆ ದುಡ್ಡು ಎಲ್ಲಿಂದ ಬರಬೇಕು ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು, ‘ಹಿಂದೆ ಅಕ್ಕಿ ಕೊಡ್ತೀವಿ ಅಂದಿದ್ರು, ಕೊಟ್ಟಿದ್ರಲ್ಲ’ ಅಂದರು. 2013ರ ಅನ್ನಭಾಗ್ಯದ ಮಾತು ಅದು, ಕೆಜಿಗೆ ಒಂದು ರೂಪಾಯಿಯ ಅಕ್ಕಿ. ಅಷ್ಟರಲ್ಲೇ ಇನ್ನೊಂದೂ ನೆನಪಾಯಿತು ಅವರಿಗೆ: ‘ಕೊಬ್ರಿಗೆ ಮಾತ್ರ ಯಾರೂ ಏನೂ ಮಾಡ್ಲಿಲ್ಲ.’ ಆ ವರ್ಷ ಕೊಬ್ಬರಿ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿತ್ತು. ಅದಕ್ಕೆ ಎರಡು ಸರ್ಕಾರಗಳನ್ನೂ ಅವರು ಹೊಣೆ ಮಾಡಿದರು. ಯಾರಿಗೆ ಹಾಕಿದರೋ ನಾನು ಕೇಳಲಿಲ್ಲ. ಆಸೆ ತೋರಿಸಿದರೆ ಬೀಳುವ ಜನ ಎಂದು ಪೇಟೆಯ ಕೆಲವರು ಇಂಥವರ ಬಗ್ಗೆ ಬರೆದದ್ದನ್ನು ಓದಿದಾಗ ಸಿಟ್ಟು ಬಂತು. ಹಿಂದೆ ಕೊಟ್ಟ ಮಾತು ನಡೆಸಿದ್ದಾರೋ ಇಲ್ಲವೋ ನೋಡಿ ಮುಂದಿನ ಮಾತನ್ನು ಅಳೆಯುವುದಕ್ಕಿಂತ ಸರಿಯಾದ ಅಳತೆ ಯಾವುದಿದೆ?

ಮಗಳಿರುವುದು ಬೆಂಗಳೂರಿನಲ್ಲಿ. ಅಲ್ಲಿಯ ಕಷ್ಟವೇ ಬೇರೆ. ‘ಅಪ್ಪಾಜಿ, ಇಲ್ಲಿ ಯಾರು ನಿಂತಿದಾರೆ ಅಂತ್ಲೇ ಗೊತ್ತಿಲ್ಲ’ ಎಂದು ಫೋನು ಮಾಡಿದಳು. ಅವಳನ್ನು ಒತ್ತಾಯಿಸಲು ದೊಡ್ಡಪ್ಪ ಇಲ್ಲ, ಸಲಹೆ ಕೊಡಲು ನೆರೆಯವರೂ ಇಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರ ಸಿಗುತ್ತದೆ, ಓದು ಎಂದೆ. ಫೋನಿನಲ್ಲೇ ಇಬ್ಬರದನ್ನು ತೆಗೆದು, ಆಸ್ತಿ, ಸಾಲ, ಕೇಸುಗಳ ಪುಟಗಳನ್ನು ಒಂದೊಂದಾಗಿ ನೋಡಿದಳು. ಒಬ್ಬರ ಮೇಲೆ ಹಲವು ಕೇಸುಗಳಿದ್ದವು. ‘ಇದು ಧರಣಿ ಮಾಡಿದ್ದಕ್ಕೆ ಹಾಕಿರೋ ಕೇಸಾ, ಇಲ್ಲ ಬೇರೆಯಾ?’ ಎಂದು ಕಲಂಗಳ ಸಂಖ್ಯೆ ಓದಿ ಹೇಳಿದಳು. ಹುಡುಕಿ ನೋಡಿದರೆ ಹೆಚ್ಚಿನವು ಧರಣಿಯವೇ. ಅವಳ ಅಭಿಪ್ರಾಯ ಅಲ್ಲಿಗೆ ಬದಲಾಯಿತು. ಬರೀ ಕೇಸುಗಳ ಸಂಖ್ಯೆ ಹಿಡಿದು ಮಾಡಿದ ರೀಲ್ಸನ್ನು ಅವಳು ಆಗಲೇ ನೋಡಿದ್ದಳಂತೆ. ಈ ಪ್ರಮಾಣಪತ್ರ ಕಡ್ಡಾಯವಾದದ್ದು 2002–03ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ನಾನು ಮೊದಲ ಓಟು ಹಾಕಿದಾಗ ಅಭ್ಯರ್ಥಿಯ ಬಗ್ಗೆ ಗೊತ್ತಿದ್ದದ್ದು ಅವನ ಜಾತಿ ಮತ್ತು ಅವನ ಜೀಪು ಮಾತ್ರ. ಈ ವಿಷಯದಲ್ಲಿ ಈಗಿನ ಕಾಲವೇ ಮೇಲು, ಅನುಮಾನವಿಲ್ಲ.

ಕೊನೆಯಲ್ಲಿ ತೀರ್ಮಾನಿಸುವವರು ಎಷ್ಟು ಜನ ಎಂಬ ಕುತೂಹಲ ಸಮೀಕ್ಷೆ ಮಾಡುವವರಿಗೂ ಇದೆ. ಲೋಕನೀತಿ–ಸಿಎಸ್‌ಡಿಎಸ್ ತಂಡ ಚುನಾವಣೆಯ ನಂತರ, ‘ಯಾರಿಗೆ ಹಾಕಬೇಕೆಂದು ಯಾವಾಗ ತೀರ್ಮಾನಿಸಿದಿರಿ’ ಎಂದು ಕೇಳುತ್ತದೆ. ಮತದಾನದ ದಿನವೇ, ಒಂದೆರಡು ದಿನ ಮುಂಚೆ ಎಂಬ ಉತ್ತರಗಳಿಗೂ ಅಲ್ಲಿ ಜಾಗ ಇದೆ. ನನಗೆ ಮಾತ್ರ ಎರಡು ಕ್ಷೇತ್ರಗಳ ಲೆಕ್ಕ ಸಾಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ. ಆರ್. ಕೃಷ್ಣಮೂರ್ತಿ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ. ಕೆ. ರಾಮಮೂರ್ತಿ ಸೌಮ್ಯಾ ರೆಡ್ಡಿಯವರನ್ನು ಸೋಲಿಸಿದ್ದು 16 ಮತಗಳಿಂದ. ರಟ್ಟಿನ ಮರೆಯ ಹಿಂದೆ ತಡವಾಗಿ ಕೈ ಎತ್ತಿದ ಒಂದು ಮನೆಯವರು ಸಾಕು, ಇಂಥ ಫಲಿತಾಂಶ ತಿರುಗಲು.

ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಅವುಗಳ ಮುಂದಿನ ಚುನಾವಣೆ ಬಂದಾಗ, ಅಥವಾ ಅದಕ್ಕೂ ಮುಂಚೆ ಬೇರೆ ಯಾವುದೇ ಬಂದಾಗ, ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂ ಏನೂ ತೀರ್ಮಾನ ಮಾಡಿಲ್ಲ ಎಂದರೆ ಅವರನ್ನು ಆ ಕಡೆಗೋ ಈ ಕಡೆಗೋ ಎಳೆಯಬೇಡಿ. ಅವರ ಪ್ರಶ್ನೆ ಏನೆಂದು ಕೇಳಿ. ಗೊತ್ತಿದ್ದರೆ ನಿಜ ಹೇಳಿ, ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ಹುಡುಕಿ. ಓದಲು ಬಾರದವರಿಗೆ ಅಭ್ಯರ್ಥಿಗಳ ಪ್ರಮಾಣಪತ್ರವನ್ನು ಓದಿ ಹೇಳಿ, ನಿಮ್ಮ ಪಕ್ಷದವರದನ್ನೂ ಬಿಡದೆ. ಬೂತಿನಿಂದ ಬಂದ ಮೇಲೆ ಯಾರಿಗೆ ಹಾಕಿದೆ ಎಂದು ಮಾತ್ರ ಕೇಳಬೇಡಿ.